ಖಾಲಿ ಕುರ್ಚಿಯ ಅಭಿಮಾನಿಗಳು

ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಸದಸ್ಯತ್ವ ಶುಲ್ಕದ ಜ್ಞಾಪನೆಗೂ ವಧೂವರರ ಅಂಕಣಕ್ಕೂ ನಡುವೆ, ಮೂರು ಸಾಲಿನ ಪ್ರಕಟಣೆಯೊಂದಿತ್ತು. ಎಷ್ಟು ಮಂದಿ ಓದಿದರೋ ತಿಳಿಯದು, ನಾವಂತೂ ಓದಿದೆವು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಸುತ್ತೋಲೆಗಳನ್ನು ಓದಿದವರಿಗೆ ಅನಾಹುತವೆಲ್ಲ ಸಣ್ಣ ಅಕ್ಷರದಲ್ಲೇ ಅಡಗಿರುತ್ತದೆಂಬುದು ಗೊತ್ತು. ಪ್ರಕಟಣೆಯ ಸಾರ ಇಷ್ಟು: ರಾಜ್ಯೋತ್ಸವದ ಅಂಗವಾಗಿ ವರ್ಷಂಪ್ರತಿ ನಡೆಯುತ್ತಿದ್ದ ಶಾಸ್ತ್ರೀಯ ಸಂಗೀತ ಸಭೆಯನ್ನು 'ಶ್ರೋತೃಗಳ ಅಭಾವದ ಕಾರಣ' ಕೈಬಿಡಬೇಕು, ಆ ಹಣವನ್ನು ಆರ್ಕೆಸ್ಟ್ರಾಕ್ಕೂ, ಬೇಸಿಗೆಯಲ್ಲಿ ದೊಡ್ಡ ತೆರೆಯ ಮೇಲೆ ಐಪಿಎಲ್ ಪಂದ್ಯ ತೋರಿಸುವುದಕ್ಕೂ ಬಳಸಬೇಕು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಮಂಡನೆಯಾಗುವುದಂತೆ.

ನಾವು ಇದನ್ನು ವಿರೋಧಿಸುತ್ತೇವೆ. ಸಭೆಯಲ್ಲಿ ಎದ್ದು ನಿಂತು ವಿರೋಧಿಸುವವರಿದ್ದೇವೆ. ಆದರೆ ಸಭೆಯಲ್ಲಿ ಪ್ರತಿಯೊಬ್ಬರಿಗೂ ಎರಡೇ ನಿಮಿಷ. ಅದರಲ್ಲಿ ಒಂದು ನಿಮಿಷ ಮೈಕು ಸರಿಮಾಡುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಸಂಪಾದಕರ ಕೃಪೆಯಿಂದ ಇಲ್ಲಿಯೇ ನಮ್ಮ ವಾದವನ್ನು ಪೂರ್ತಿಯಾಗಿ ಹೇಳಿಬಿಡುತ್ತೇವೆ.

ನಾವೆಂದರೆ ಯಾರು? ಸಂಗೀತ ವಿದ್ವಾಂಸರಲ್ಲ, ಕ್ರೀಡಾಪಟುಗಳೂ ಅಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಓದಿ, ಪರೀಕ್ಷೆ ಬರೆದು, ದೆಹಲಿಗೆ ಬಂದು ಬಿದ್ದ ಕೇಂದ್ರ ಸರ್ಕಾರದ ಗುಮಾಸ್ತರು. ನಲವತ್ತು ದಾಟಿದೆ, ಕನ್ನಡಕದ ನಂಬರು ಏರುತ್ತಿದೆ. ಹಾಡಲು ಕುಳಿತರೆ ಮನೆಯವರು ಅಡಿಗೆಮನೆಯಿಂದಲೇ "ಕುಕ್ಕರ್ ಕೂಗ್ತಿದೆ ಅಂದ್ಕೊಂಡೆ" ಎನ್ನುತ್ತಾರೆ. ಬ್ಯಾಟು ಹಿಡಿದರೆ ಕ್ವಾರ್ಟರ್ಸಿನ ಹುಡುಗರು, "ಅಂಕಲ್, ನೀವು ಅಂಪೈರ್ ಆಗಿ" ಎಂದು ಮರ್ಯಾದೆಯಿಂದ ದೂರ ನಿಲ್ಲಿಸುತ್ತಾರೆ. ನಮಗೆ ಬರುವುದು ಎರಡೇ ವಿದ್ಯೆ: ಕೂತು ಕೇಳುವುದು, ಕೂತು ನೋಡುವುದು. ಸರ್ಕಾರ ನಮಗೆ ವರ್ಷಕ್ಕೆ 8 ದಿನ ಕ್ಯಾಶುವಲ್ ಲೀವ್ ಕೊಡುತ್ತದೆ. ಅದರಲ್ಲಿ 4 ದಿನ ರಣಜಿ ಪಂದ್ಯಕ್ಕೆ, 2 ದಿನ ಸಂಗೀತ ಕಚೇರಿಯ ಮರುದಿನದ ನಿದ್ದೆಗೆ, ಉಳಿದ 2 ದಿನ ಜ್ವರ, ಮದುವೆ, ಮುಂಜಿ ಇತ್ಯಾದಿ ಲೌಕಿಕಗಳಿಗೆ. ಈ ಹಂಚಿಕೆಯ ಬಗ್ಗೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಡಿಟ್ ಆಕ್ಷೇಪಣೆ ಏಳುತ್ತದೆ. ಪ್ರತಿ ವರ್ಷವೂ ನಾವು 'ನೋಟ್ ಮಾಡಿಕೊಳ್ಳಲಾಗಿದೆ' ಎಂದು ಉತ್ತರಿಸುತ್ತೇವೆ.

ಅಭಿಪ್ರಾಯಗಳಿಗೆ ನಮ್ಮಲ್ಲಿ ಬರವಿಲ್ಲ. 1975ರ ಜನವರಿಯಲ್ಲಿ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಎದುರು ಗುಂಡಪ್ಪ ವಿಶ್ವನಾಥ್ ಹೊಡೆದ ಅಜೇಯ 97, ನೂರು ಶತಕಗಳಿಗಿಂತ ಮೇಲು ಎಂಬುದು ನಮ್ಮ ದೃಢ ನಂಬಿಕೆ. ನಾವು ಆಗ ಹುಟ್ಟಿಯೇ ಇರಲಿಲ್ಲವೆಂಬುದು ಬೇರೆ ಮಾತು. ಮಲ್ಲಿಕಾರ್ಜುನ ಮನ್ಸೂರರು ಅಪರೂಪದ ರಾಗವೊಂದನ್ನು ನೇರವಾಗಿ ಅದರ ಹೃದಯಕ್ಕೇ ಹೋಗಿ ಹಿಡಿಯುವಂತೆ ಮತ್ತೊಬ್ಬರು ಹಿಡಿದದ್ದನ್ನು ನಾವು ಕೇಳಿಲ್ಲ. ಮೈಕಿನವರಿಗೆ ತಬಲಾದ ಮೇಲೆ ಯಾಕಷ್ಟು ಪ್ರೀತಿ, ತಂಬೂರಿಯ ಮೇಲೆ ಯಾಕಷ್ಟು ದ್ವೇಷ ಎಂಬುದು ನಮಗೆ ಇಂದಿಗೂ ಬಿಡಿಸಲಾಗದ ಒಗಟು. ರಾಜನ್–ನಾಗೇಂದ್ರರ ಚಿತ್ರಗೀತೆ ಬಂದರೆ ನಾವೂ ಕಾಲು ಕುಣಿಸುವವರೇ. ಆದ್ದರಿಂದ ನಮ್ಮನ್ನು ಮಡಿವಂತರೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ.

ಈಗ ವಿಷಯಕ್ಕೆ ಬರೋಣ.

ನಮ್ಮ ಸಂಘದ ಸಭಾಂಗಣದ ಗೋಡೆಯನ್ನು ನೋಡಿ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮನ್ಸೂರ್, ಕುಮಾರ ಗಂಧರ್ವ, ಬಸವರಾಜ ರಾಜಗುರು, ಚೌಡಯ್ಯ ಎಲ್ಲರೂ ಗಾಜಿನ ಚೌಕಟ್ಟಿನಲ್ಲಿ ಸಾಲಾಗಿ ನಿಂತಿದ್ದಾರೆ. ದೆಹಲಿಯ ಯಾವ ಗಣ್ಯರು ಬಂದರೂ ನಾವು ಮೊದಲು ಕರೆದುಕೊಂಡು ಹೋಗುವುದು ಆ ಗೋಡೆಗೆ. "ಇವರು ನಮ್ಮವರು, ಇವರೂ ನಮ್ಮವರು" ಎಂದು ಬೆರಳು ತೋರಿಸುತ್ತೇವೆ. ಕಚೇರಿಯಲ್ಲಿ ಪಕ್ಕದ ಮೇಜಿನ ಉತ್ತರ ಪ್ರದೇಶದ ಮಿತ್ರರು ಕ್ರಿಕೆಟ್ ಮಾತೆತ್ತಿದರೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಎಂದು ಒಂದೇ ಉಸಿರಿಗೆ ಹೇಳಿ ಬಾಯಿ ಮುಚ್ಚಿಸುತ್ತೇವೆ. ಅಭಿಮಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕುರ್ಚಿಯಲ್ಲಿ ಕೂರುವವರಿಗೆ.

ಕಳೆದ ಸಂಗೀತ ಸಭೆಯ ಕಥೆಯನ್ನೇ ಹೇಳುತ್ತೇವೆ. ಕರಪತ್ರದಲ್ಲಿ ಸಂಜೆ 6 ಗಂಟೆ ಎಂದಿತ್ತು. ಧಾರವಾಡದ ಕಡೆಯಿಂದ ಬಂದಿದ್ದ ಯುವ ಗಾಯಕಿ ಐದೂವರೆಗೇ ತಂಬೂರಿ ಶ್ರುತಿ ಮಾಡಿಕೊಂಡು ಕುಳಿತಿದ್ದರು. ಆರಕ್ಕೆ ದೀಪ ಬೆಳಗಿಸಲು ಅತಿಥಿಗಳು ಬಂದಿರಲಿಲ್ಲ. ಆರೂ ಮುಕ್ಕಾಲಿಗೆ ಬಂದರು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಪರಿಚಯಿಸಿದವರ ಪರಿಚಯ, ಹನ್ನೊಂದು ಸನ್ಮಾನ. ಹನ್ನೊಂದು ಶಾಲು, ಹನ್ನೊಂದು ಹಾರ, ಹನ್ನೊಂದು ಪೇಟ, ಪ್ರತಿಯೊಬ್ಬರದೂ 'ಎರಡು ಮಾತು'. ಗಾಯಕಿ ಷಡ್ಜ ಹಿಡಿದಾಗ ಎಂಟೂ ಕಾಲು. ಸನ್ಮಾನಿತರು ಬಂಧುಮಿತ್ರರ ಸಮೇತ ಊಟದ ಕಡೆಗೆ ನಡೆದರು. ಸಭಾಂಗಣದ ಮುಕ್ಕಾಲು ಪಾಲು ಅವರ ಹಿಂದೆಯೇ ನಡೆಯಿತು. ಬಾಗಿಲು ತೆರೆದಾಗಲೆಲ್ಲ ಬಿಸಿಬೇಳೆ ಭಾತಿನ ವಾಸನೆಯೂ ತಟ್ಟೆಗಳ ಸದ್ದೂ ಒಳಗೆ ಬರುತ್ತಿದ್ದವು. ಆಕೆ ವಿಲಂಬಿತ ಮುಗಿಸಿ ದ್ರುತಕ್ಕೆ ಬರುವ ಹೊತ್ತಿಗೆ ನಾವು ತಲೆಯೆಣಿಸಿದೆವು. ಮೈಕಿನವರನ್ನೂ ಕಾವಲುಗಾರರನ್ನೂ ಸೇರಿಸಿ ಮೂವತ್ತೊಂದು. ಆಕೆ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಮೂವತ್ತೊಂದು ಜನರಿಗೆ ಮೂರು ಸಾವಿರ ಜನರಿಗೆ ಹಾಡುವಂತೆಯೇ ಹಾಡಿದರು.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಲೇಬೇಕು. ಇಲ್ಲವಾದರೆ ಈ ಲೇಖನವೂ ಹನ್ನೆರಡನೆಯ ಶಾಲಾಗುತ್ತದೆ. ಆ ಹನ್ನೊಂದು ಹೆಸರುಗಳ ಪಟ್ಟಿಯನ್ನು ಟೈಪು ಮಾಡಿದವರು ನಾವೇ. ಮೊದಲು ನಾಲ್ಕೇ ಇದ್ದವು. "ಅವರಿಗೆ ಬೇಜಾರಾದೀತು, ಇವರು ಜಾಹೀರಾತು ಕೊಡಿಸಿದ್ದಾರೆ" ಎಂದು ಒಂದೊಂದಾಗಿ ಹೆಸರು ಸೇರುತ್ತ ಹೋದಾಗ, ಮೇಲಿನವರ ಟಿಪ್ಪಣಿಗೆ ಸಹಿ ಹಾಕಿ ಅಭ್ಯಾಸವಾದ ನಮ್ಮ ಕೈ ಅಡ್ಡಿ ಹೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹತ್ತೂವರೆಗೆ, ಕೊನೆಯ ಮೆಟ್ರೋ ತಪ್ಪೀತೆಂಬ ಹೆದರಿಕೆಯಲ್ಲಿ, ಆಕೆ ಭೈರವಿಗೆ ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾಗ, ನಾವು ಚಪ್ಪಲಿ ಕೈಯಲ್ಲಿ ಹಿಡಿದು ಬಗ್ಗಿಕೊಂಡು ಹೊರಗೆ ಬಂದೆವು. ಬಾಗಿಲ ಬಳಿ ತಿರುಗಿ ನೋಡಿದಾಗ ಆಕೆಯ ಕಣ್ಣು ನಮ್ಮ ಮೇಲೆಯೇ ಇತ್ತು. ಕೋಪವಿರಲಿಲ್ಲ. 'ನೀವೂ ಹೋಗುತ್ತೀರಾ?' ಎಂದಂತಿತ್ತು. ಇಪ್ಪತ್ತು ವರ್ಷದಿಂದ ರಸಿಕರೆಂದು ಹೇಳಿಕೊಂಡು ತಿರುಗಿದ ನಮಗೆ ಆ ನೋಟದಿಂದ ಆದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಈಗ ಹೇಳಿ, 'ಶ್ರೋತೃಗಳ ಅಭಾವ' ಎಲ್ಲಿಂದ ಬಂತು? ಆರು ಗಂಟೆಗೆ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಭಾವ ಹುಟ್ಟಿದ್ದು ಆರರಿಂದ ಎಂಟೂ ಕಾಲರ ನಡುವೆ, ವೇದಿಕೆಯ ಮೇಲೆ, ನಮ್ಮ ಕೈಯಿಂದಲೇ. ರೋಗಿಗೆ ಊಟ ಕೊಡದೆ ಮಲಗಿಸಿ, ಆಮೇಲೆ 'ಇವನಿಗೆ ಹಸಿವೆಯೇ ಇಲ್ಲ' ಎಂದು ಬರೆದ ವೈದ್ಯರಂತಾಯಿತು ಸಮಿತಿಯ ಪ್ರಕಟಣೆ.

ಕೆಲವರು ಕೇಳಬಹುದು: ಕೇಳುವವರು ಮೂವತ್ತಿದ್ದರೇನು, ಮುನ್ನೂರಿದ್ದರೇನು, ಹಾಡು ಹಾಡೇ ಅಲ್ಲವೆ? ಇದಕ್ಕೆ ನಮ್ಮ ಬಿ.ಎಸ್ಸಿ. ಉತ್ತರಿಸುತ್ತದೆ. ಸಬೈನ್ ಎಂಬ ಅಮೆರಿಕದ ಭೌತವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಾತು ಕಲಸಿಹೋಗುತ್ತಿದ್ದ ಉಪನ್ಯಾಸ ಭವನವೊಂದಕ್ಕೆ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಕಿ, ಪ್ರತಿ ಸಲವೂ ಧ್ವನಿ ಆರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದ. ಖಾಲಿ ಭವನದಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತದೆ. ಮೆತ್ತೆಗಳೂ, ಅವಕ್ಕಿಂತ ಮಿಗಿಲಾಗಿ ಕುಳಿತ ಮನುಷ್ಯರೂ, ಅದನ್ನು ಹೀರಿಕೊಂಡು ಸ್ಪಷ್ಟಗೊಳಿಸುತ್ತಾರೆ. ಅಂದರೆ ಸಂಗೀತ ಸಭೆಯಲ್ಲಿ ನೀವು ಸುಮ್ಮನೆ ಕುಳಿತಿದ್ದರೂ ಕೆಲಸ ಮಾಡುತ್ತಿರುತ್ತೀರಿ. ನೀವು ಎದ್ದು ಹೋದರೆ ಉಳಿದವರಿಗೆ ಹಾಡು ಅಷ್ಟರ ಮಟ್ಟಿಗೆ ಕೆಡುತ್ತದೆ. ತಂಬೂರಿಯ ತಂತಿಯನ್ನೇ ತೆಗೆದುಕೊಳ್ಳಿ. ತಂತಿ ಒಂದೇ ಮಿಡಿದರೆ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸದು. ಕೆಳಗಿನ ಬುರುಡೆ ಅದರೊಡನೆ ಕಂಪಿಸಿದಾಗಲೇ ನಾದ ಕೋಣೆ ತುಂಬುವುದು. ಗಾಯಕರು ತಂತಿ, ಸಭೆ ಬುರುಡೆ. ಬುರುಡೆ ಊಟಕ್ಕೆ ಹೋದರೆ ತಂತಿ ಏನು ಮಾಡೀತು? ಪಿಟೀಲು ಚೌಡಯ್ಯನವರು, ದೊಡ್ಡ ಸಭೆಯಲ್ಲಿ ಹಿಂದಿನವರಿಗೂ ಕೇಳಿಸಲೆಂದು ಏಳು ತಂತಿಯ ಪಿಟೀಲನ್ನು ರೂಪಿಸಿದರು. ಅವರ ಭಾವಚಿತ್ರದ ಎದುರಿಗೇ ನಾವು ಹಿಂದಿನ ಸಾಲುಗಳನ್ನೆಲ್ಲ ಖಾಲಿ ಮಾಡಿ ಕೂತಿದ್ದೇವೆ.

ಸಂಗೀತದಲ್ಲಿ ಕಾಣುವ ಈ ರೋಗವೇ ಆಟದ ಮೈದಾನದಲ್ಲೂ ಇದೆ.

2025ರ ಜನವರಿ 30ರಂದು ನಮ್ಮದೇ ದೆಹಲಿಯ ಕೋಟ್ಲಾ ಮೈದಾನದಲ್ಲಿ ರೈಲ್ವೇಸ್ ವಿರುದ್ಧ ದೆಹಲಿಯ ರಣಜಿ ಪಂದ್ಯ ಆರಂಭವಾಯಿತು. ಹನ್ನೆರಡು ವರ್ಷದ ಮೇಲೆ ವಿರಾಟ್ ಕೊಹ್ಲಿ ರಣಜಿ ಆಡಲು ಬಂದಿದ್ದರು. ಬೆಳಗಿನ ಚಳಿಯಲ್ಲೇ ಸಾವಿರಾರು ಹುಡುಗರು ಬಾಗಿಲಲ್ಲಿ ಸಾಲು ನಿಂತರು. ನಾವೂ ರಜೆ ಹಾಕಿ ಹೋಗಿದ್ದೆವು. ರಣಜಿ ಪಂದ್ಯಕ್ಕೆ ನೂಕುನುಗ್ಗಲು ಕಂಡು ಕಣ್ಣು ತುಂಬಿ ಬಂತು. ಮರುದಿನ ಹಿಮಾಂಶು ಸಾಂಗ್ವಾನ್ ಎಂಬ ರೈಲ್ವೇಸ್ ಬೌಲರು ಕೊಹ್ಲಿಯವರ ಸ್ಟಂಪನ್ನು 6 ರನ್ನಿಗೆ ಉರುಳಿಸಿದರು. ಅಷ್ಟೆ! ಮದುವೆಮನೆಯಲ್ಲಿ ಊಟವಾದ ಮೇಲಿನಂತೆ ಸ್ಟ್ಯಾಂಡು ಬರಿದಾಗತೊಡಗಿತು. ಅದೇ ದಿನ ದೆಹಲಿಯ ನಾಯಕ ಆಯುಷ್ ಬದೋನಿ 99ಕ್ಕೆ ಔಟಾದರು. ಒಬ್ಬ ಹುಡುಗ ನೂರಕ್ಕೆ ಒಂದು ರನ್ನಿನ ದೂರದಲ್ಲಿ ತಲೆತಗ್ಗಿಸಿ ನಡೆದು ಬರುವುದಕ್ಕಿಂತ ದೊಡ್ಡ ನಾಟಕ ಇನ್ನೇನಿದೆ? ಅದನ್ನು ನೋಡಲು ಉಳಿದವರೆಷ್ಟು?

ಇದೇ ಕೋಟ್ಲಾದಲ್ಲಿ 1999ರ ಫೆಬ್ರವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟುಗಳನ್ನು 74 ರನ್ನಿಗೆ ಕಿತ್ತರು. ನಾವಾಗ ಧಾರವಾಡದ ಹಾಸ್ಟೆಲಿನಲ್ಲಿದ್ದೆವು. ಒಂದು ಟಿ.ವಿ., ನೂರು ಹುಡುಗರು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲು ಮಾಡಲು ಬಂದ ನಮ್ಮ ಜಾವಗಲ್ ಶ್ರೀನಾಥ್ ಚೆಂಡನ್ನು ಬೇಕೆಂದೇ ವಿಕೆಟ್ಟಿನಿಂದ ದೂರ ಎಸೆದರು, ಹತ್ತನೆಯದು ಗೆಳೆಯನಿಗೇ ಸಿಗಲೆಂದು. ಅಂದು ಎಲ್ಲರೂ ಕುಂಬ್ಳೆಗೆ ಕುಣಿದರು, ನಾವೂ ಕುಣಿದೆವು. ಆದರೆ ವಯಸ್ಸಾದಂತೆ ನಮ್ಮ ಕಣ್ಣಿಗೆ ಮತ್ತೆ ಮತ್ತೆ ಕಟ್ಟುವುದು ಶ್ರೀನಾಥರ ಆ ಓವರು. ಸಂಗೀತದ ಭಾಷೆಯಲ್ಲಿ ಅದಕ್ಕೆ ಸಾಥ್ ಎನ್ನುತ್ತಾರೆ. ಒಳ್ಳೆಯ ತಬಲಾವಾದಕರು ತಮ್ಮ ಕೈಯ ಬಲವನ್ನೆಲ್ಲ ಅಡಗಿಸಿಕೊಂಡು ಠೇಕಾ ಹಿಡಿದು ಕೂರುವುದು ಇದೇ ರೀತಿ. ಅದನ್ನು ಕಾಣಬೇಕಾದರೆ ಆಟವನ್ನು ಪೂರ್ತಿ ನೋಡಬೇಕು. ಎರಡು ನಿಮಿಷದ ಹೈಲೈಟಿನಲ್ಲಿ ಹತ್ತು ವಿಕೆಟುಗಳಿರುತ್ತವೆ. ವಿಕೆಟ್ ತೆಗೆಯದಿರಲು ಎಸೆದ ಚೆಂಡುಗಳಿಗೆ ಅಲ್ಲಿ ಜಾಗ ಎಲ್ಲಿದೆ? ಕರ್ನಾಟಕ ಸಂಗೀತದ ಕಚೇರಿಯಲ್ಲಿ ತನಿ ಆವರ್ತನ ಆರಂಭವಾದೊಡನೆ ಕಾಫಿಗೆ ಎದ್ದು ಹೋಗುವವರೂ ಇದೇ ಜಾತಿಯವರು. ಎರಡು ಗಂಟೆ ಸಾಥ್ ಕೊಟ್ಟ ಮೃದಂಗದವರಿಗೆ ಹತ್ತು ನಿಮಿಷ ಸಿಕ್ಕರೆ, ಆ ಹತ್ತು ನಿಮಿಷದಲ್ಲೇ ಇವರಿಗೆ ಡಿಕಾಕ್ಷನ್ ನೆನಪಾಗುತ್ತದೆ!

ಅದಕ್ಕೂ ಒಂದು ವಾರ ಹಿಂದೆ, 1999ರ ಜನವರಿ 31ರಂದು, ಮದ್ರಾಸಿನವರು ನಮಗೆಲ್ಲ ಪಾಠ ಹೇಳಿದ್ದರು. ತೆಂಡೂಲ್ಕರ್ ಬೆನ್ನುನೋವಿನಲ್ಲಿ 136 ಹೊಡೆದು ಔಟಾದ ಮೇಲೂ ಚೆಪಾಕಿನ ಜನ ಕದಲಲಿಲ್ಲ. ಭಾರತ 12 ರನ್ನಿನಿಂದ ಸೋತಿತು. ಎದೆಯೊಡೆದಿತ್ತು; ಆದರೂ ಎದ್ದು ನಿಂತು ಗೆದ್ದ ಪಾಕಿಸ್ತಾನಿ ಆಟಗಾರರಿಗೆ ಚಪ್ಪಾಳೆ ತಟ್ಟಿದರು, ಅವರು ಮೈದಾನಕ್ಕೆ ಒಂದು ಸುತ್ತು ಬಂದರು. ಆಟಕ್ಕೆ ಬಂದವರು ಹಾಗಿರುತ್ತಾರೆ. ಹೆಸರಿಗೆ ಮಾತ್ರ ಬಂದವರು ಹೆಸರು ಔಟಾದೊಡನೆ ಮನೆಗೆ ಹೋಗುತ್ತಾರೆ.

ನಮ್ಮ ರಾಜ್ಯದ ಕ್ರಿಕೆಟಿನ ಇತಿಹಾಸವನ್ನಾದರೂ ಒಮ್ಮೆ ನೆನೆಯೋಣ. 1934ರ ನವೆಂಬರಿನಲ್ಲಿ ಮದ್ರಾಸಿನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲೇ ನಮ್ಮ ಮೈಸೂರು ಆಡಿತು. ಒಂದೇ ದಿನದಲ್ಲಿ ಸೋತಿತು. ಅಲ್ಲಿಂದ ಸುಮಾರು ನಲವತ್ತು ವರ್ಷ ಕಪ್ಪಿನ ಮುಖ ಕಾಣಲಿಲ್ಲ. ಬೊಂಬಾಯಿ ತಂಡವಾದರೋ ಎಡೆಬಿಡದೆ ಹದಿನೈದು ವರ್ಷ ಗೆದ್ದು ಕೂತಿತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು, ಪ್ರಸನ್ನರ ನಾಯಕತ್ವದಲ್ಲಿ ಬೊಂಬಾಯಿಯ ಕೋಟೆ ಬಿತ್ತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪು ನಮ್ಮದಾಯಿತು. ರಾಜ್ಯೋತ್ಸವದ ವೇದಿಕೆಯಲ್ಲಿ ಪ್ರತಿ ವರ್ಷ ಹೇಳಬೇಕಾದ ಕಥೆ ಇದು. ನಾವು ಹೇಳುವುದಿಲ್ಲ, ಯಾಕೆಂದರೆ ಹನ್ನೊಂದು ಜನರಿಗೆ ಶಾಲು ಹೊದಿಸಬೇಕಾಗಿರುತ್ತದೆ.

ಕರ್ನಾಟಕ ತಂಡ ದೆಹಲಿಗೆ ಆಡಲು ಬಂದಾಗ ನಮ್ಮ ಸಂಘದಿಂದ ಎಷ್ಟು ಜನ ಹೋಗುತ್ತಾರೆ? ಹಿಂದೊಮ್ಮೆ ನಾವು ನಾಲ್ಕು ದಿನ ಹೋಗಿ ಕುಳಿತೆವು. ಟಿಕೆಟಿಲ್ಲ, ನೂಕಾಟವಿಲ್ಲ, ಕಾಲು ನೀಡಿ ಕೂರಬಹುದು. ನಮ್ಮ ಸಾಲಿನಲ್ಲಿ ಥರ್ಮಾಸ್ ಹಿಡಿದ ಒಬ್ಬ ಪಿಂಚಣಿದಾರರು, ಇಬ್ಬರು ಪೊಲೀಸರು, ಒಂದು ನಾಯಿ. ಬೌಂಡರಿ ಹಗ್ಗದ ಬಳಿ ನಿಂತಿದ್ದ ಎಳೆಯ ಫೀಲ್ಡರಿಗೆ ನಾವು, "ಏ ತಮ್ಮಾ, ಚಲೋ ಹಿಡಿದೀ!" ಎಂದು ಕೂಗಿದೆವು. ಆತ ಬೆಚ್ಚಿ ತಿರುಗಿ ನೋಡಿದ. ಸಾವಿರ ಮೈಲಿ ದೂರದ ಖಾಲಿ ಮೈದಾನದಲ್ಲಿ ಕನ್ನಡ ಕೇಳಿಸೀತೆಂದು ಪಾಪ ಅಂದುಕೊಂಡೇ ಇರಲಿಲ್ಲ. ಆಮೇಲೆ ಆ ಕಡೆ ಬಂದಾಗಲೆಲ್ಲ ಒಂದು ನಗೆ ಬೀರುತ್ತಿದ್ದ. ರಾಹುಲ್ ದ್ರಾವಿಡರೂ 1996ರಲ್ಲಿ ಲಾರ್ಡ್ಸಿನಲ್ಲಿ 95 ಹೊಡೆಯುವ ಮುನ್ನ ಐದು ವರ್ಷಕ್ಕೂ ಹೆಚ್ಚು ರಣಜಿ ಆಡಿದವರು. ಆಗ ಯಾರೂ 'ನಮ್ಮ ದ್ರಾವಿಡ್' ಎಂದು ಗೋಡೆಗೆ ತೂಗುಹಾಕಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಲಂಡನ್ನಿನವರು ಮದ್ದೆಂದ ಮೇಲೆ ಮಾತ್ರ ನಾವು ಕಷಾಯ ಕುದಿಸುವವರು.

ಇನ್ನು ಆಕ್ಷೇಪಣೆಗಳಿಗೆ ಬರುತ್ತೇವೆ. ಸಮಿತಿಯ ಮಿತ್ರರೊಬ್ಬರು, ಸಜ್ಜನರು, ಮೊನ್ನೆ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕಿ ಹೇಳಿದರು: "ನೋಡಿ ಸಾರ್, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ. ಮೂರು ಗಂಟೆ ಯಾರು ಕೂರ್ತಾರೆ?" ಸ್ವಾಮಿ, ಐಪಿಎಲ್ ಪಂದ್ಯ ಎಷ್ಟು ಹೊತ್ತಿನದು? ಮೂರೂವರೆ ಗಂಟೆಯಲ್ಲವೆ? ಕೋಟ್ಲಾದಲ್ಲಿ ನಸುಕಿಗೇ ಬಂದು ಸಾಲು ನಿಂತವರು ಮುದುಕರೆ? ಹುಡುಗರಿಗೆ ತಾಳ್ಮೆಯಿದೆ. ಅವರಿಗಿಲ್ಲದಿರುವುದು ನಮ್ಮ ಭಾಷಣ ಕೇಳುವ ತಾಳ್ಮೆ. ಅದು ನಮಗೂ ಇಲ್ಲ. ನಮಗಿರುವುದು ಬರೀ ದಾಕ್ಷಿಣ್ಯ.

"ಶಾಸ್ತ್ರೀಯ ಸಂಗೀತ ನಾಲ್ಕು ಜನ ಪಂಡಿತರದು, ಸಂಘ ಎಲ್ಲರದು" ಎಂಬುದು ಎರಡನೆಯ ಆಕ್ಷೇಪಣೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಆಮೇಲೆ ಪುಟ್ಟರಾಜ ಗವಾಯಿಗಳೂ, ಸ್ವತಃ ಕಣ್ಣಿಲ್ಲದವರು, ಕಣ್ಣಿಲ್ಲದ, ಮನೆಯಿಲ್ಲದ ಬಡ ಮಕ್ಕಳಿಗೆ ಅನ್ನ ಹಾಕಿ ಕಲಿಸಿದ್ದು ಇದೇ ಸಂಗೀತವನ್ನು. ಹನ್ನೊಂದರ ಹುಡುಗ ಭೀಮಸೇನ ಗುರುವನ್ನು ಹುಡುಕಿ ಮನೆ ಬಿಟ್ಟು ಟಿಕೆಟಿಲ್ಲದ ರೈಲು ಹತ್ತಿದ್ದು ಇದಕ್ಕಾಗಿ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಪಾಠ ಮಾಡಿದ್ದೂ ಇದಕ್ಕಾಗಿಯೇ. ಇದು ಪಂಡಿತರ ಸೊತ್ತೆಂದು ಹೇಳುವವರು ನಮ್ಮ ಗೋಡೆಯ ಮೇಲಿನವರ ಬದುಕನ್ನೇ ಓದಿಲ್ಲ. ಗುರುವಿನ ಹೆಸರಿನಲ್ಲಿ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ಇಂದಿಗೂ ಅಲ್ಲಿನ ಜನ ಚಾಪೆ, ಶಾಲು, ತಿಂಡಿಯ ಡಬ್ಬಿ ಹಿಡಿದು ಬರುತ್ತಾರೆ. ಅಲ್ಲಿ ಶಾಲು ಇರುವುದು ಕೇಳುವವರ ಹೆಗಲ ಮೇಲೆ, ಚಳಿಗೆ!

ಮೂರನೆಯದು: "ಹಾಗಾದರೆ ನೀವು ಐಪಿಎಲ್ ವಿರೋಧಿಗಳೋ?" ಖಂಡಿತ ಅಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಹದಿನೆಂಟನೆಯ ಪ್ರಯತ್ನದಲ್ಲಿ 6 ರನ್ನಿನಿಂದ ಗೆದ್ದಾಗ ನಮ್ಮ ಕಿರುಚಾಟಕ್ಕೆ ಕೆಳಗಿನ ಮನೆಯ ಪಂಜಾಬಿ ಮಹನೀಯರು ಸೂರಿಗೆ ಕೋಲು ಕುಟ್ಟಿದರು. ಆದರೆ ಮರುದಿನ? ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಅಪ್ಪ ಅಮ್ಮಂದಿರ ಎಳೆಯ ಮಕ್ಕಳು. ತಪ್ಪು ಯಾರದೆಂದು ನಾವಿಲ್ಲಿ ತೀರ್ಪು ಕೊಡುವುದಿಲ್ಲ. ಅದು ನ್ಯಾಯಾಲಯದ ಕೆಲಸ. ನಾವು ಹೇಳುವುದು ಇಷ್ಟೇ: ಅಭಿಮಾನಿ ಎಂದರೆ ಒಬ್ಬ ಮನುಷ್ಯ, ಅವನಿಗೊಂದು ಕುರ್ಚಿ, ಕುರ್ಚಿಗೊಂದು ನಂಬರು, ಪಕ್ಕದಲ್ಲೊಬ್ಬ ಪರಿಚಿತ. ಅವನನ್ನು ಬರೀ ಸಂದಣಿಯಾಗಿ ಕಂಡಾಗ ಅವನ ಜೀವಕ್ಕೂ ಬೆಲೆ ಉಳಿಯುವುದಿಲ್ಲ, ಅವನ ಪ್ರೀತಿಗೂ ಉಳಿಯುವುದಿಲ್ಲ. ದೊಡ್ಡ ತೆರೆ ಹಾಕಿ ಪಂದ್ಯ ತೋರಿಸಿ, ಬೇಡವೆನ್ನುವುದಿಲ್ಲ. ಆದರೆ ಯಾರ ಮನೆಯ ಟಿ.ವಿ.ಯಲ್ಲಾದರೂ ಬರುವುದನ್ನು ತೋರಿಸಲಿಕ್ಕಾಗಿ, ಬೇರೆಲ್ಲೂ ಸಿಗದ್ದನ್ನು ಕೈಬಿಡುವುದು ಯಾವ ಲೆಕ್ಕ? ದೆಹಲಿಯಲ್ಲಿ ಊರ ಕಡೆಯ ಎಳೆಯ ಗಾಯಕಿಯೊಬ್ಬಳನ್ನು ಕರೆಸಿ ಕೂರಿಸಲು ನಾವಲ್ಲದೆ ಇನ್ನಾರಿದ್ದಾರೆ?

ಜನ ಬರುವುದು ಹೇಗೆಂದು ಕೊಡವರನ್ನು ಕೇಳಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನ ಮನೆತನಗಳ ನಡುವೆ ಹಾಕಿ ಪಂದ್ಯ ಆರಂಭಿಸಿದರು. ಅಜ್ಜ, ಸೊಸೆ, ಮೊಮ್ಮಗ ಎಲ್ಲರೂ ಒಂದೇ ತಂಡದಲ್ಲಿ ಆಡಿದ್ದುಂಟು. ಈಗ ನೂರಾರು ತಂಡಗಳು. ಅಲ್ಲಿ ಪ್ರೇಕ್ಷಕರ ಅಭಾವವೆಂಬ ಮಾತಿಲ್ಲ, ಯಾಕೆಂದರೆ ಮೈದಾನದಲ್ಲಿರುವುದು ಅವರವರ ಮನೆಯವರೇ. ಆ ಗಾಯಕಿಯನ್ನೂ ಆ ಫೀಲ್ಡರನ್ನೂ ನಾವು ಮನೆಯವರೆಂದುಕೊಂಡರೆ ಸಾಕು.

ಬರೀ ಟೀಕೆ ಊಟಕ್ಕಿಲ್ಲದ ಉಪ್ಪಿನಕಾಯಿ. ಆದ್ದರಿಂದ ಸರ್ವಸದಸ್ಯರ ಸಭೆಯಲ್ಲಿ ನಾವು ಮಂಡಿಸಲಿರುವ ಸೂಚನೆಗಳನ್ನು ಇಲ್ಲೇ ಕೊಡುತ್ತೇವೆ.

ಒಂದು: ಸಂಗೀತ ಸಭೆಯನ್ನು ಕೈಬಿಡಕೂಡದು. ಎರಡು: ಆರು ಗಂಟೆಯೆಂದರೆ ಆರು ಗಂಟೆ, ಅತಿಥಿಗಳು ಬಾರದಿದ್ದರೆ ತಂಬೂರಿಯೇ ಅತಿಥಿ, ದೀಪವನ್ನು ಗಾಯಕರೇ ಬೆಳಗಿಸಲಿ. ಮೂರು: ಸನ್ಮಾನಗಳನ್ನೆಲ್ಲ ಬೇರೊಂದು ಭಾನುವಾರಕ್ಕೆ ಸರಿಸಬೇಕು, ಅಂದಿನ ಶಾಲು ಒಂದೇ, ಅದು ಹಾಡಿದವರಿಗೆ, ಹಾಡಾದ ಮೇಲೆ. ನಾಲ್ಕು: ಊಟ ಭೈರವಿಯ ನಂತರ, ಅಲ್ಲಿಯವರೆಗೆ ಅಡಿಗೆಯ ಬಾಗಿಲಿಗೆ ಬೀಗ, ಕೀಲಿಕೈ ನಮ್ಮ ಜೇಬಿನಲ್ಲಿ. ಐದು: ಆರಕ್ಕೆ ಆರಂಭವಾದರೆ ಒಂಬತ್ತೂವರೆಗೆ ಮುಗಿದೇ ಮುಗಿಯುತ್ತದೆ, ನಮ್ಮಂಥ ಹೇಡಿಗಳಿಗೂ ಮೆಟ್ರೋ ಸಿಗುತ್ತದೆ. ಆರು: ಕರ್ನಾಟಕ ತಂಡ ದೆಹಲಿಗೆ ಬಂದಾಗ ಸಂಘದ ಬೋರ್ಡಿನಲ್ಲಿ ದಿನಾಂಕ ಬರೆಯಬೇಕು, ಒಂದು ದಿನ ಅವಲಕ್ಕಿ, ಚಹಾದೊಡನೆ ಐವತ್ತು ಜನ ಹೋಗಿ ಕೂರಬೇಕು, ಮಕ್ಕಳನ್ನೂ ಕರೆದುಕೊಂಡು. ಖರ್ಚು ಹೆಚ್ಚೆಂದರೆ ನಾಲ್ಕು ಶಾಲಿನಷ್ಟು.

ಇಷ್ಟಾದ ಮೇಲೂ ಒಂದು ವರ್ಷ ಸಭಾಂಗಣ ಖಾಲಿಯೇ ಉಳಿದರೆ, ಆಗ ಸಮಿತಿಯ ನಿರ್ಣಯಕ್ಕೆ ನಾವೇ ಅನುಮೋದನೆ ಕೊಡುತ್ತೇವೆ. ಕೊಟ್ಟ ಮೇಲೆ ಒಂದು ಏಣಿ ತಂದು ಗೋಡೆಯ ಮೇಲಿನ ಭಾವಚಿತ್ರಗಳನ್ನೂ ಇಳಿಸಿಬಿಡೋಣ. ಕೇಳದವರಿಗೆ 'ನಮ್ಮವರು' ಎನ್ನುವ ಹಕ್ಕಿಲ್ಲ.

ಆ ಗಾಯಕಿಗೆ ನಾವೊಂದು ಪತ್ರ ಬರೆದಿದ್ದೇವೆ. ಕ್ಷಮೆ ಕೇಳಿದ್ದೇವೆ, ಭೈರವಿ ಬಾಕಿ ಉಳಿದಿದೆಯೆಂದೂ ಬರೆದಿದ್ದೇವೆ. ಎಂಟು ದಿನದಲ್ಲಿ ಉತ್ತರ ಬಂತು: "ಕರದ್ರ ಬರ್ತೀನ್ರಿ. ನೀವು ಕೂಡ್ರಬೇಕು ಅಷ್ಟ."

ಆ 'ನೀವು' ನಮಗೊಬ್ಬರಿಗೇ ಬರೆದದ್ದಲ್ಲ, ಬಂಧುಗಳೇ.